ಟರ್ಬೊಚಾರ್ಜರ್‌ನಲ್ಲಿ ಎಣ್ಣೆಯ ಜಿನುಗು: ಬದಲಿಸುವ ಮುನ್ನ ಮೂಲವನ್ನು ಹುಡುಕಿ

2008ರ ಮೇ 24ರಂದು ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು ಕಾರ್ಯಾರಂಭ ಮಾಡಿದ ಬಳಿಕ ನಮ್ಮ ಜಿಲ್ಲೆಯಲ್ಲಿ ಬಾಡಿಗೆ ಕಾರು ನಡೆಸುವುದು ಗಣನೀಯ ಉದ್ಯಮವಾಗಿ ಬೆಳೆದಿದೆ. ದೊಡ್ಡಬಳ್ಳಾಪುರ, ದಾಬಸ್‌ಪೇಟೆ ಹಾಗೂ ಹೊಸಕೋಟೆಯ ಕಾರ್ಖಾನೆಗಳಿಗೆ ನೌಕರರನ್ನು ಕರೆತರುವ ವಾಹನಗಳೂ ಇದರೊಡನೆ ಸೇರಿವೆ. ಇಂದಿನ ಡೀಸೆಲ್ ಕಾರುಗಳೆಲ್ಲವೂ ಬಹುಮಟ್ಟಿಗೆ ಟರ್ಬೊಚಾರ್ಜರ್ ಹೊಂದಿದ್ದು, ಸಣ್ಣ ಪೆಟ್ರೋಲ್ ಕಾರುಗಳಿಗೂ ಅದು ಬಂದಿದೆ. ಸರ್ವಿಸ್ ವೇಳೆ ಅದರ ಮೈಮೇಲೆ ಎಣ್ಣೆ ಕಂಡೊಡನೆ "ಟರ್ಬೊ ಹೋಯ್ತು ಸಾರ್, ಬದಲಾಯಿಸಬೇಕು" ಎಂಬ ಮಾತು ಕೇಳಿಬರುತ್ತದೆ. ಹತ್ತಾರು ಸಾವಿರ ರೂಪಾಯಿಗಳ ವೆಚ್ಚವಲ್ಲದೆ ಗಾಡಿ ನಿಂತಷ್ಟು ದಿನಗಳ ಬಾಡಿಗೆಯೂ ನಷ್ಟ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಮೂಲದೋಷ ಉಳಿದಿದ್ದರೆ ಹೊಸ ಟರ್ಬೊ ಸಹ ಕೆಲವೇ ವಾರಗಳಲ್ಲಿ ಜಿನುಗತೊಡಗುತ್ತದೆ.

ಇದಕ್ಕೆ ಕಾರಣವು ಈ ಯಂತ್ರದ ರಚನೆಯಲ್ಲೇ ಇದೆ. ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಶಾಫ್ಟಿನ ಎರಡು ತುದಿಗಳಲ್ಲಿ ಎರಡು ಚಕ್ರಗಳು. ಒಂದನ್ನು ಎಂಜಿನ್ನಿನ ಹೊಗೆ ತಿರುಗಿಸುತ್ತದೆ, ಇನ್ನೊಂದು ಗಾಳಿಯನ್ನು ಒತ್ತಿ ಒಳಗೆ ಕಳುಹಿಸುತ್ತದೆ. ನಡುವಿನ ಬೇರಿಂಗಿಗೆ ಸಣ್ಣ ಕೊಳವೆಯಿಂದ ಒತ್ತಡದಲ್ಲಿ ಎಣ್ಣೆ ಬಂದು, ದಪ್ಪ ಕೊಳವೆಯ ಮೂಲಕ ತನ್ನ ಭಾರದಿಂದಲೇ ಚೇಂಬರಿಗೆ ಇಳಿಯುತ್ತದೆ. ಇಲ್ಲಿ ರಬ್ಬರ್ ಸೀಲ್ ಇಲ್ಲ. ಪಿಸ್ಟನ್ ರಿಂಗನ್ನು ಹೋಲುವ ಲೋಹದ ಉಂಗುರಗಳೂ ಚಕ್ರಗಳ ಕಡೆಯ ಒತ್ತಡವೂ ಸೇರಿ ಎಣ್ಣೆಯನ್ನು ತಡೆಯುತ್ತವೆ. ಆದ್ದರಿಂದ ಉಂಗುರ ಸವೆಯದಿದ್ದರೂ, ಎಣ್ಣೆ ಇಳಿಯುವ ದಾರಿ ಕಟ್ಟಿದರೆ ಅಥವಾ ಒತ್ತಡದ ಸಮತೋಲ ತಪ್ಪಿದರೆ ಎಣ್ಣೆ ಹೊರಬೀಳುತ್ತದೆ.

ಪರೀಕ್ಷೆಯ ಮೊದಲ ಹೆಜ್ಜೆ ಶುಚಿಗೊಳಿಸುವುದು. ಎಂಜಿನ್ ಆರಿದ ಮೇಲೆ ಟರ್ಬೊ ಮತ್ತು ಸುತ್ತಲಿನ ಭಾಗಗಳನ್ನು ತೊಳೆದು ಒಣಗಿಸಿ, ಸಂಶಯದ ಜೋಡಣೆಗಳ ಮೇಲೆ ಟಾಲ್ಕಂ ಪೌಡರ್ ತೆಳುವಾಗಿ ಉದುರಿಸಿ, ಇಪ್ಪತ್ತು ಕಿಲೋಮೀಟರಿನಷ್ಟು ಓಡಿಸಿ ನೋಡಬೇಕು. ಬಿಳಿಪುಡಿ ಮೊದಲು ಎಲ್ಲಿ ಒದ್ದೆಯಾಗುತ್ತದೆಯೋ ಅಲ್ಲೇ ಮೂಲ. ಎಣ್ಣೆ ಕೆಳಕ್ಕೆ ಹರಿಯುವುದರಿಂದ ಶೋಧವು ಮೇಲಿನಿಂದ ಆರಂಭವಾಗಲಿ. ಟ್ಯಾಪೆಟ್ ಕವರಿನ ಗ್ಯಾಸ್ಕೆಟ್ ಸೋರಿ ಅಪವಾದ ಟರ್ಬೊಗೆ ಬರುವುದು ಅಪರೂಪವೇನಲ್ಲ. ಬಳಿಕ ಎಣ್ಣೆ ತರುವ ಕೊಳವೆಯ ತಾಮ್ರದ ವಾಷರುಗಳನ್ನೂ ಇಳಿಯುವ ಕೊಳವೆಯ ಗ್ಯಾಸ್ಕೆಟ್ಟನ್ನೂ ನೋಡಬೇಕು. ಇವು ಅಲ್ಪ ಬೆಲೆಯ ವಸ್ತುಗಳು.

ಗಾಳಿಯ ಕೊಳವೆಯೊಳಗಿನ ಎಣ್ಣೆಯ ವಿಷಯದಲ್ಲಿಯೇ ಹೆಚ್ಚಿನ ತಪ್ಪು ತೀರ್ಮಾನಗಳಾಗುವುದು. ಎಂಜಿನ್ನಿನ ಬ್ರೀದರ್ ಕೊಳವೆಯು ಏರ್ ಫಿಲ್ಟರ್ ಹಾಗೂ ಟರ್ಬೊದ ನಡುವೆ ಬಂದು ಸೇರುವುದರಿಂದ ಅಲ್ಲಿ ತೆಳ್ಳನೆಯ ಎಣ್ಣೆಪಸೆ ಇರುವುದು ಸಹಜ. ಚಕ್ರಕ್ಕೆ ಮೊದಲೇ, ಗಾಳಿ ಬರುವ ಬಾಯಿಯೇ ಒದ್ದೆಯಾಗಿದ್ದರೆ ಎಣ್ಣೆ ಬ್ರೀದರಿನಿಂದ ಬಂದಿರುವ ಸಂಭವವೇ ಹೆಚ್ಚು. ಬಾಯಿ ಒಣಗಿದ್ದು ಚಕ್ರದ ಹಿಂಬದಿ ಒದ್ದೆಯಾಗಿದ್ದರೆ ಸಂಶಯ ಟರ್ಬೊದ ಮೇಲೆ. ಇಂಟರ್‌ಕೂಲರಿನ ಹೋಸ್ ಜೋಡಣೆಯಲ್ಲಿ ಜಿನುಗಿದರೆ ಕ್ಲಿಪ್ ಸಡಿಲವಾಗಿರಬಹುದು. ಎಳೆತ ಕಡಿಮೆಯಾಗುವುದು ಹಾಗೂ ಸೀಟಿಯಂಥ ಸದ್ದು ಅದರ ಜೊತೆಗಿನ ಲಕ್ಷಣಗಳು. ಹೊಗೆಯ ಬದಿಯಲ್ಲೂ ತರ್ಕ ಇದೇ: ಮ್ಯಾನಿಫೋಲ್ಡ್ ಒಣಗಿದ್ದು ಟರ್ಬೊದಿಂದಾಚೆಗೆ ಮಾತ್ರ ಎಣ್ಣೆ ಇದ್ದರೆ ಟರ್ಬೊ, ಮ್ಯಾನಿಫೋಲ್ಡಿನಲ್ಲೇ ಎಣ್ಣೆ ಇದ್ದರೆ ಎಂಜಿನ್.

ನಮ್ಮ ಭಾಗದ ಬಳಕೆಯ ರೀತಿಯೂ ಇದಕ್ಕೆ ಕಾರಣವಾಗುತ್ತದೆ. ಪ್ರಯಾಣಿಕರಿಗಾಗಿ ಕಾಯುತ್ತ ಎ.ಸಿ. ಹಾಕಿಕೊಂಡು ಗಂಟೆಗಟ್ಟಲೆ ಎಂಜಿನ್ ಓಡಿಸಿದರೆ ಚಕ್ರಗಳ ಬಳಿ ಒತ್ತಡ ಕಡಿಮೆಯಿದ್ದು ಎಣ್ಣೆ ನುಸುಳುತ್ತದೆ. ಕಲ್ಲುಕ್ವಾರಿಗಳ ದಾರಿಯ ಧೂಳಿನಿಂದ ಏರ್ ಫಿಲ್ಟರ್ ಕಟ್ಟಿದರೆ ಗಾಳಿಯ ಚಕ್ರ ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಅಲ್ಲಿ ಫಿಲ್ಟರ್ ಬದಲಿಸುವುದೇ ಚಿಕಿತ್ಸೆ. ನಂದಿಬೆಟ್ಟ ಹತ್ತಿದೊಡನೆ ಕೀ ತಿರುಗಿಸಿ ನಿಲ್ಲಿಸಿದರೆ ಕಾದ ಟರ್ಬೊದಲ್ಲಿ ಉಳಿದ ಎಣ್ಣೆ ಸುಟ್ಟು ಕರಿಗಟ್ಟಿ, ಕಾಲಕ್ರಮೇಣ ಕೊಳವೆಗಳನ್ನು ಮುಚ್ಚುತ್ತದೆ. ಒಂದೆರಡು ನಿಮಿಷ ನಿಧಾನವಾಗಿ ಓಡಲು ಬಿಟ್ಟು ನಿಲ್ಲಿಸಿದರೆ ಸಾಕು. ಗ್ಯಾಸ್ಕೆಟ್ ಪೇಸ್ಟನ್ನು ಧಾರಾಳವಾಗಿ ಬಳಿದು ಇಳಿಯುವ ಕೊಳವೆಯ ಬಾಯಿಯನ್ನೇ ಕಿರಿದು ಮಾಡುವ ಅಭ್ಯಾಸವೂ ನಿಲ್ಲಬೇಕು. ಎಂಜಿನ್ ಓಡುತ್ತಿರುವಾಗ ಎಣ್ಣೆ ಹಾಕುವ ಮುಚ್ಚಳ ತೆಗೆದರೆ ಗಾಳಿ ಜೋರಾಗಿ ಬುಸುಗುಟ್ಟುತ್ತಿದ್ದಲ್ಲಿ ಪಿಸ್ಟನ್ ರಿಂಗ್ ಸವೆದಿರಬಹುದು, ಇಲ್ಲವೇ ಬ್ರೀದರ್ ಕಟ್ಟಿರಬಹುದು. ಚೇಂಬರಿನ ಆ ಒತ್ತಡವೇ ಎಣ್ಣೆಯನ್ನು ಇಳಿಯಗೊಡುವುದಿಲ್ಲ.

ಆದರೆ ಎಲ್ಲ ಜಿನುಗೂ ನಿರಪಾಯಕಾರಿಯಲ್ಲ. ತಣ್ಣಗಿರುವಾಗ ಶಾಫ್ಟನ್ನು ಬೆರಳಿನಿಂದ ಅಲ್ಲಾಡಿಸಿದರೆ ಅಕ್ಕಪಕ್ಕಕ್ಕೆ ಅಲ್ಪ ಚಲನೆ ಇರುವುದು ಸಹಜ. ಹಿಂದೆಮುಂದೆ ಅಲುಗಾಟ ತಿಳಿಯುವಂತಿದ್ದರೆ, ಚಕ್ರದ ರೆಕ್ಕೆ ಗೋಡೆಗೆ ಉಜ್ಜಿದ ಗುರುತಿದ್ದರೆ ಅಥವಾ ನೀಲಿ ಹೊಗೆಯೊಂದಿಗೆ ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆ ಬೇಗ ಇಳಿಯುತ್ತಿದ್ದರೆ ಗಾಡಿ ಓಡಿಸಬಾರದು. ಡೀಸೆಲ್ ಎಂಜಿನ್ ಹಾಗೆ ಬಂದ ಎಣ್ಣೆಯನ್ನೇ ಉರಿಸಿಕೊಂಡು ಕೀ ತೆಗೆದರೂ ನಿಲ್ಲದೆ ಭೋರ್ಗರೆಯಬಹುದು. ಗೇರ್ ಕೈಯಿಂದ ಹಾಕುವ ಗಾಡಿಯಾದರೆ ಮೇಲಿನ ಗೇರಿಗೆ ಹಾಕಿ, ಬ್ರೇಕ್ ಗಟ್ಟಿಯಾಗಿ ಒತ್ತಿ, ಕ್ಲಚ್ ಬಿಟ್ಟು ಎಂಜಿನ್ನನ್ನು ಉಸಿರುಗಟ್ಟಿಸುವುದೇ ದಾರಿ. ಚಾಲಕರಿಗೆ ಇದನ್ನು ಮುಂಚಿತವಾಗಿಯೇ ತಿಳಿಸಿರಬೇಕು.

ಬದಲಿಸುವುದು ಅನಿವಾರ್ಯವಾದರೆ ಎಣ್ಣೆ, ಆಯಿಲ್ ಫಿಲ್ಟರ್ ಹಾಗೂ ಎಣ್ಣೆ ತರುವ ಕೊಳವೆಯನ್ನು ಜೊತೆಗೇ ಬದಲಿಸಿ, ಇಂಟರ್‌ಕೂಲರಿನಲ್ಲಿ ನಿಂತ ಎಣ್ಣೆಯನ್ನು ಸುರಿದುಬಿಡಬೇಕು. ಈ ಕೆಲಸಗಳ ಬಿಲ್ಲುಗಳನ್ನು ಜೋಪಾನವಾಗಿಡಿ. ವಾರಂಟಿ ಕೇಳುವಾಗ ಮಾರಾಟಗಾರರು ಸಾಮಾನ್ಯವಾಗಿ ಮೊದಲು ಕೇಳುವುದು ಅವನ್ನೇ.