ಅಧ್ಯಾಪಕಿಯ ಬಡ್ತಿ ಎಲ್ಲಿ ಹಿಂದೆ ಬೀಳುತ್ತದೆ?

ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಯ ಪ್ರಕಾರ 2021–22ರಲ್ಲಿ ದೇಶದ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಸುಮಾರು 16 ಲಕ್ಷ ಅಧ್ಯಾಪಕರಿದ್ದರು. ಅವರಲ್ಲಿ ಶೇ 43ರಷ್ಟು ಮಹಿಳೆಯರು. ಸಮಾನತೆ ಇನ್ನೇನು ಬಂದೇಬಿಟ್ಟಿತು ಅನ್ನಿಸುವ ಅಂಕಿ ಇದು. ಆದರೆ ಸಹಾಯಕ ಪ್ರಾಧ್ಯಾಪಕ, ಸಹ ಪ್ರಾಧ್ಯಾಪಕ, ಪ್ರಾಧ್ಯಾಪಕ ಎಂದು ಮೇಲೇರಿದಂತೆ ಆ ಪಾಲು ಕರಗುತ್ತ ಹೋಗುತ್ತದೆ. ಯಾಕೆ ಎಂದು ಕೇಳಿದರೆ ಆಡಳಿತ ಕಚೇರಿಯಲ್ಲಿ ಸಿಗುವ ಉತ್ತರ ಒಂದೇ: ‘ಬಡ್ತಿ ನಿಯಮದಲ್ಲಿ ಗಂಡು, ಹೆಣ್ಣು ಅನ್ನೋ ಭೇದವೇ ಇಲ್ಲವಲ್ಲ ಮೇಡಂ!’ ಭೇದ ಇಲ್ಲ, ನಿಜ. ತಡವಾಗುವುದು ನಿಯಮದ ಸಾಲಿನಲ್ಲಲ್ಲ, ವಿಭಾಗದಲ್ಲಿ ಕೆಲಸ ಹಂಚುವಾಗ. ಅದು ಹೇಗೆ ಎಂದು ತಿಳಿಯಲು ಬಡ್ತಿಯ ಲೆಕ್ಕವನ್ನೇ ಬಿಚ್ಚಿ ನೋಡಬೇಕು.

ವಿಶ್ವವಿದ್ಯಾಲಯದ ಅಧ್ಯಾಪಕರ ಬಡ್ತಿ ಸಿಎಎಸ್ (ಕರಿಯರ್ ಅಡ್ವಾನ್ಸ್‌ಮೆಂಟ್ ಸ್ಕೀಮ್) ಎಂಬ ಯೋಜನೆಯಡಿ ನಡೆಯುತ್ತದೆ. ಇದಕ್ಕೆ ಹುದ್ದೆ ಖಾಲಿ ಇರಬೇಕಿಲ್ಲ, ಸಹೋದ್ಯೋಗಿಯೊಂದಿಗೆ ಸ್ಪರ್ಧಿಸಬೇಕಿಲ್ಲ. ಇಂತಿಷ್ಟು ವರ್ಷ ಸೇವೆ ಮುಗಿದು, ಇಂತಿಷ್ಟು ಅರ್ಹತೆ ತುಂಬಿದರೆ ಆಯಿತು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಲ್ಲಿ ಈ ಅರ್ಹತೆಯನ್ನು ಎರಡು ಕೋಷ್ಟಕಗಳಲ್ಲಿ ಅಳೆಯುತ್ತಾರೆ. ಮೊದಲನೆಯದು ಪಾಠ ಮತ್ತು ಇತರ ಜವಾಬ್ದಾರಿಗಳದ್ದು. ಎರಡನೆಯದು ಸಂಶೋಧನೆಯ ಅಂಕಗಳದ್ದು. ನನ್ನ ಪ್ರಕಾರ ಇಡೀ ಸಮಸ್ಯೆಯ ಬೇರು ಈ ಎರಡು ಕೋಷ್ಟಕಗಳ ಗುಣ ಬೇರೆಬೇರೆಯಾಗಿರುವುದರಲ್ಲಿದೆ.

ಮೊದಲ ಕೋಷ್ಟಕಕ್ಕೆ ಮಿತಿ ಇದೆ. ವಿಭಾಗದ ಮುಖ್ಯಸ್ಥಿಕೆ, ಹಾಸ್ಟೆಲ್ ವಾರ್ಡನ್ ಕೆಲಸ, ಪರೀಕ್ಷೆ, ಮೌಲ್ಯಮಾಪನ, ಸಾಂಸ್ಕೃತಿಕ ಚಟುವಟಿಕೆ, ವಿಚಾರ ಸಂಕಿರಣದ ಏರ್ಪಾಡು ಇತ್ಯಾದಿಗಳಲ್ಲಿ ಕನಿಷ್ಠ ಮೂರರಲ್ಲಿ ತೊಡಗಿದ್ದರೆ ‘ಉತ್ತಮ’ ಎಂಬ ಶ್ರೇಣಿ ಸಿಗುತ್ತದೆ. ಅಲ್ಲಿಗೆ ಮುಗಿಯಿತು. ನಾಲ್ಕನೆಯ ಸಮಿತಿಗೂ ಎಂಟನೆಯ ಸಮಿತಿಗೂ ಮೂರು ಕಾಸಿನ ಬೆಲೆಯಿಲ್ಲ. ಎರಡನೆಯ ಕೋಷ್ಟಕಕ್ಕೆ ಮಿತಿ ಇಲ್ಲ. ವಿಜ್ಞಾನದಲ್ಲಿ ಒಂದು ಪ್ರಬಂಧಕ್ಕೆ 8 ಅಂಕ, ಭಾಷೆ ಮತ್ತು ಮಾನವಿಕ ವಿಷಯಗಳಲ್ಲಿ 10. ಮಾರ್ಗದರ್ಶನದಲ್ಲಿ ಒಬ್ಬರಿಗೆ ಪಿಎಚ್.ಡಿ ಪದವಿ ಸಿಕ್ಕರೆ 10. ಹೀಗೆ ಕೂಡುತ್ತ ಹೋಗುತ್ತದೆ. ವಿಶ್ವವಿದ್ಯಾಲಯದಲ್ಲಿ ಸಹ ಪ್ರಾಧ್ಯಾಪಕರಾಗಲು ಈ ಕೋಷ್ಟಕದಲ್ಲಿ ಕನಿಷ್ಠ 70, ಪ್ರಾಧ್ಯಾಪಕರಾಗಲು 110 ಅಂಕ ಬೇಕು.

ಈಗ ಒಂದೇ ದಿನ ಕೆಲಸಕ್ಕೆ ಸೇರಿದ ಇಬ್ಬರನ್ನು ಊಹಿಸಿಕೊಳ್ಳಿ. ಹುಡುಗಿಯರ ಹಾಸ್ಟೆಲ್ಲಿಗೆ ವಾರ್ಡನ್ ಬೇಕು, ಹೆಂಗಸರೇ ಆಗಬೇಕು. ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿಗೆ ಮಹಿಳಾ ಸದಸ್ಯರು ಬೇಕು. ಮಹಿಳಾ ಘಟಕಕ್ಕೆ ಸಂಚಾಲಕಿ ಬೇಕು. ಅತಿಥಿಗಳು ಬಂದರೆ ಸ್ವಾಗತ, ನಿರೂಪಣೆಗೂ ಮೇಡಂ ಹೆಸರೇ ಮೊದಲು ಬರುತ್ತದೆ. ಇವುಗಳಲ್ಲಿ ಕೆಲವು ಕಾನೂನಿನ ಪ್ರಕಾರವೇ ಆಗಬೇಕಾದ ಕೆಲಸ, ಮನಸ್ಸಿಟ್ಟು ಮಾಡಬೇಕಾದದ್ದು. ಆದರೆ ಅಧ್ಯಾಪಕಿಯರು ಕಡಿಮೆ ಇರುವ ಕಡೆ ಇದೆಲ್ಲ ಇಬ್ಬರು ಮೂವರ ತಲೆಯ ಮೇಲೆ ಬೀಳುತ್ತದೆ. ಆಕೆ ಆರು ಸಮಿತಿಗಳಲ್ಲಿ ದುಡಿದರೂ, ಆತ ಮೂರರಲ್ಲಿ ದುಡಿದರೂ ಮೊದಲ ಕೋಷ್ಟಕದಲ್ಲಿ ಇಬ್ಬರದೂ ‘ಉತ್ತಮ’. ಉಳಿದ ಹೊತ್ತಿನಲ್ಲಿ ಆತ ಬರೆದ ಪ್ರಬಂಧಗಳು ಎರಡನೆಯ ಕೋಷ್ಟಕಕ್ಕೆ ಸೇರುತ್ತವೆ. ಇಲ್ಲಿ ಯಾರೂ ಯಾರಿಗೂ ಮೋಸ ಮಾಡಿಲ್ಲ. ಆದರೂ ಹತ್ತು ವರ್ಷದಲ್ಲಿ ಇಬ್ಬರ ನಡುವೆ ದೊಡ್ಡ ಅಂತರ ಬಿದ್ದಿರುತ್ತದೆ.

ಆ ಅಂತರ ಬೆಳೆಯುತ್ತಲೂ ಹೋಗುತ್ತದೆ. ಯುಜಿಸಿ ನಿಯಮದಂತೆ ಸಹಾಯಕ ಪ್ರಾಧ್ಯಾಪಕರು ಏಕಕಾಲಕ್ಕೆ 4, ಸಹ ಪ್ರಾಧ್ಯಾಪಕರು 6, ಪ್ರಾಧ್ಯಾಪಕರು 8 ಪಿಎಚ್.ಡಿ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡಬಹುದು. ಬಡ್ತಿ ತಡವಾದವರಿಗೆ ವಿದ್ಯಾರ್ಥಿಗಳು ಕಡಿಮೆ, ವಿದ್ಯಾರ್ಥಿಗಳು ಕಡಿಮೆಯಾದರೆ ಪ್ರಬಂಧಗಳೂ ಕಡಿಮೆ, ಹಾಗಾಗಿ ಮುಂದಿನ ಬಡ್ತಿಯೂ ತಡ. ಪ್ರಬಂಧದಲ್ಲಿ ಹೆಸರು ಎಲ್ಲಿ ಬರುತ್ತದೆ ಎಂಬುದಕ್ಕೂ ಬೆಲೆ ಇದೆ. ಇಬ್ಬರಿಗಿಂತ ಹೆಚ್ಚು ಲೇಖಕರಿದ್ದರೆ ಮುಖ್ಯ ಲೇಖಕರಿಗೆ ಶೇ 70ರಷ್ಟು ಅಂಕ, ಉಳಿದವರಿಗೆ ಶೇ 30. ಸಂಜೆ ಆರಕ್ಕೆ ಮನೆಗೆ ಓಡಲೇಬೇಕಾದವರ ಹೆಸರು ನಡುವೆ ಸೇರಿಹೋಗುವುದು ಎಷ್ಟು ಸಲೀಸು ಎಂದು ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು.

ರಜೆಯ ವಿಷಯದಲ್ಲಿ ಬಹಳ ಅಧ್ಯಾಪಕಿಯರಿಗೆ ತಿಳಿಯದ ಒಂದು ರಕ್ಷಣೆ ಇದೆ. ಹೆರಿಗೆ ರಜೆ, ಶಿಶುಪಾಲನಾ ರಜೆ, ಅಧ್ಯಯನ ರಜೆ, ವೈದ್ಯಕೀಯ ರಜೆಗಳಲ್ಲಿ ಕಳೆದ ಅವಧಿಯನ್ನು ಮೊದಲ ಕೋಷ್ಟಕದ ಲೆಕ್ಕದಿಂದ ಬಿಡಬೇಕು. ಪಾಠ ಮಾಡಿದ ಉಳಿದ ಅವಧಿಯ ಸಾಧನೆಯನ್ನೇ ಇಡೀ ಅವಧಿಗೆ ಹಿಗ್ಗಿಸಿ ಶ್ರೇಣಿ ಕೊಡಬೇಕು ಎನ್ನುತ್ತದೆ ನಿಯಮಾವಳಿ. ರಜೆಗೆ ಸಂಬಂಧಪಟ್ಟ ಅಧಿಕಾರಿಯ ಪೂರ್ವಾನುಮತಿ ಇರಬೇಕೆಂಬುದೊಂದೇ ಷರತ್ತು. ‘ಹೆರಿಗೆ ರಜೆ ಹೋಗಿದ್ರಲ್ಲ, ಈ ವರ್ಷ ಬರಲ್ಲ’ ಎಂದು ಗುಮಾಸ್ತರು ಕಡತ ವಾಪಸು ಕಳಿಸಿದರೆ ಈ ಸಾಲನ್ನು ತೋರಿಸಬೇಕು. ರಜೆ ಮಂಜೂರಾತಿಯ ಪ್ರತಿಯನ್ನು ಕಡತದಲ್ಲೇ ಇಟ್ಟಿರಬೇಕು. ಆದರೆ ಸಂಶೋಧನೆಯ ಅಂಕಗಳಿಗೆ ಇಂಥ ಹಿಗ್ಗಿಸುವಿಕೆ ಇಲ್ಲ. ಮಗುವಿಗೆ ಎರಡು ವರ್ಷ ತುಂಬುವವರೆಗೆ ಬರೆಯಲಾಗದ ಪ್ರಬಂಧ ಬರೆಯದ ಪ್ರಬಂಧವೇ. ಇದನ್ನು ಸರಿಪಡಿಸದೆ ಕೇವಲ ರಜೆ ಹೆಚ್ಚಿಸಿದರೆ ಸಾಲದು.

2025ರ ಜನವರಿಯಲ್ಲಿ ಯುಜಿಸಿ ಹೊರಡಿಸಿದ ಹೊಸ ನಿಯಮಗಳ ಕರಡು ಅಂಕಗಳ ಲೆಕ್ಕವನ್ನು ಕೈಬಿಟ್ಟು, ಅಧ್ಯಾಪಕರ ಗಮನಾರ್ಹ ಕೊಡುಗೆಗಳನ್ನು ಸಮಿತಿ ತೂಗಿ ನೋಡಲಿ ಎನ್ನುತ್ತದೆ. ಅಂಕ ಬೇಟೆಯ ಹುಚ್ಚು ನಿಲ್ಲುವುದು ಒಳ್ಳೆಯದೇ. ಆದರೆ ತೂಗುವ ಕೈಯಲ್ಲೇ ವಾಲಿಕೆ ಇರಬಹುದು ಎಂಬುದನ್ನು ಮರೆಯುವಂತಿಲ್ಲ. ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಯೇಲ್ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ 127 ವಿಜ್ಞಾನ ಪ್ರಾಧ್ಯಾಪಕರಿಗೆ ಪ್ರಯೋಗಾಲಯದ ಕೆಲಸಕ್ಕೆ ಬಂದ ಒಂದೇ ಅರ್ಜಿಯನ್ನು ಕೊಟ್ಟರು. ಕೆಲವರಿಗೆ ಜಾನ್ ಹೆಸರಿನಲ್ಲಿ, ಕೆಲವರಿಗೆ ಜೆನ್ನಿಫರ್ ಹೆಸರಿನಲ್ಲಿ. ಜೆನ್ನಿಫರ್ ಕಡಿಮೆ ಸಮರ್ಥೆ ಎನಿಸಿಕೊಂಡಳು, ಆಕೆಗೆ ಹೇಳಿದ ಸಂಬಳವೂ ಕಡಿಮೆ. ಹಾಗೆ ತೂಗಿದವರಲ್ಲಿ ಪ್ರಾಧ್ಯಾಪಕಿಯರೂ ಇದ್ದರು.

ಹಾಗಾದರೆ ಒಂದು ವಿಶ್ವವಿದ್ಯಾಲಯ ತನ್ನೊಳಗಿನ ಅಂತರವನ್ನು ಕಂಡುಕೊಳ್ಳುವುದು ಹೇಗೆ? ಇದಕ್ಕೆ ಅಮೆರಿಕದ ಎಂಐಟಿಯ ಉದಾಹರಣೆಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಅಲ್ಲಿನ ಜೀವವಿಜ್ಞಾನಿ ನ್ಯಾನ್ಸಿ ಹಾಪ್ಕಿನ್ಸ್ ತಮ್ಮ ಮೀನಿನ ತೊಟ್ಟಿಗಳಿಗೆ ಇನ್ನಷ್ಟು ಜಾಗ ಕೇಳಿದರು, ಸಿಗಲಿಲ್ಲ. ಆಗ ಅವರು ಅಳತೆ ಟೇಪು ಹಿಡಿದು ಕಟ್ಟಡದ ಪ್ರಯೋಗಾಲಯಗಳನ್ನೆಲ್ಲ ಅಳೆದರು. ತಮ್ಮದೇ ದರ್ಜೆಯ ಪುರುಷ ಪ್ರಾಧ್ಯಾಪಕರಿಗಿಂತ ಮಾತ್ರವಲ್ಲ, ಕಿರಿಯ ಅಧ್ಯಾಪಕರಿಗಿಂತಲೂ ತಮಗೆ ಜಾಗ ಕಡಿಮೆ ಎಂದು ತಿಳಿಯಿತು. ಇದು ತಮ್ಮೊಬ್ಬರ ಕಷ್ಟ ಎಂದುಕೊಂಡಿದ್ದ ಹಾಪ್ಕಿನ್ಸ್ ಉಳಿದ ಪ್ರಾಧ್ಯಾಪಕಿಯರನ್ನು ಕೇಳಿದಾಗ, ಅವರೂ ಹಾಗೆಯೇ ಅಂದುಕೊಂಡು ಸುಮ್ಮನಿದ್ದದ್ದು ಗೊತ್ತಾಯಿತು. 1994ರಲ್ಲಿ 16 ಮಂದಿ ಸಹಿ ಹಾಕಿ ಡೀನ್ ರಾಬರ್ಟ್ ಬರ್ಜನೋ ಅವರ ಮುಂದೆ ವಿಷಯ ಇಟ್ಟರು. ಸಂಬಳ, ಜಾಗ, ಪ್ರಶಸ್ತಿ, ಸಂಪನ್ಮೂಲಗಳ ಲೆಕ್ಕ ತೆಗೆದ ಸಮಿತಿಯ ವರದಿ 1999ರಲ್ಲಿ ಹೊರಬಂತು. ಪಕ್ಷಪಾತ ಇದ್ದದ್ದು ನಿಜ ಎಂದು ಸಂಸ್ಥೆಯ ಅಧ್ಯಕ್ಷ ಚಾರ್ಲ್ಸ್ ವೆಸ್ಟ್ ಬಹಿರಂಗವಾಗಿ ಒಪ್ಪಿಕೊಂಡರು.

ಆ ವರದಿಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೇರೆ ಮಾತು. ಕಿರಿಯ ಅಧ್ಯಾಪಕಿಯರು ತಮಗೆ ಅನ್ಯಾಯವಾಗುತ್ತಿಲ್ಲ ಎಂದೇ ನಂಬಿದ್ದರು. ಹಿರಿಯರೂ ಒಂದು ಕಾಲಕ್ಕೆ ಹಾಗೆಯೇ ನಂಬಿದ್ದವರು. ಅಂತರ ವರ್ಷಗಟ್ಟಲೆ ಕೂಡಿಬಂದ ಮೇಲಷ್ಟೇ ಕಣ್ಣಿಗೆ ಬೀಳುವಂಥದ್ದು. ಆದ್ದರಿಂದ ‘ನಮ್ಮಲ್ಲಿ ಯಾರೂ ದೂರು ಕೊಟ್ಟಿಲ್ಲ’ ಎಂಬುದು ಪುರಾವೆಯಲ್ಲ.

ನಮ್ಮಲ್ಲಿ ಇಂಥ ಲೆಕ್ಕಕ್ಕೆ ಹೊಸ ಫಾರಂ ಬೇಕಿಲ್ಲ. ಅಧ್ಯಾಪಕರು ವರ್ಷವರ್ಷ ತುಂಬಿಕೊಡುವ ಸ್ವಮೌಲ್ಯಮಾಪನದ ಹಾಳೆಗಳು ಆಂತರಿಕ ಗುಣಮಟ್ಟ ಖಾತರಿ ಕೋಶದ (ಐಕ್ಯೂಎಸಿ) ಕಪಾಟಿನಲ್ಲೇ ಇರುತ್ತವೆ. ಒಂದೇ ದರ್ಜೆ, ಹೆಚ್ಚುಕಡಿಮೆ ಅಷ್ಟೇ ಸೇವಾವಧಿ ಇರುವವರನ್ನು ಪಕ್ಕಪಕ್ಕ ಇಟ್ಟು ವಾರದ ಪಾಠದ ಗಂಟೆ, ಸಮಿತಿಗಳು, ಪಿಎಚ್.ಡಿ ವಿದ್ಯಾರ್ಥಿಗಳು, ಪ್ರಯೋಗಾಲಯದ ಚದರಡಿ, ಬಡ್ತಿಗೆ ಅರ್ಹರಾದ ದಿನ ಮತ್ತು ಬಡ್ತಿ ಸಿಕ್ಕ ದಿನ ಇಷ್ಟನ್ನು ಬರೆದರೆ ಸಾಕು. ಕೊನೆಯ ಎರಡು ದಿನಾಂಕಗಳ ನಡುವಿನ ತಿಂಗಳುಗಳೇ ಬಹುಪಾಲು ಕಥೆ ಹೇಳುತ್ತವೆ. ವಿಭಾಗ ಚಿಕ್ಕದಾದರೆ ಒಂದು ನಿಕಾಯದ ಎಲ್ಲ ವಿಭಾಗಗಳನ್ನು ಸೇರಿಸಿ ಐದು ವರ್ಷದ ಲೆಕ್ಕ ತೆಗೆಯಬೇಕು; ಇಲ್ಲದಿದ್ದರೆ ಒಬ್ಬಿಬ್ಬರ ಏರುಪೇರೇ ಚಿತ್ರವನ್ನು ಕೆಡಿಸುತ್ತದೆ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ‘ಗತಿ’ ಕಾರ್ಯಕ್ರಮವೂ ಸಂಸ್ಥೆಗಳಿಂದ ಕೇಳುವುದು ಇಂಥ ಸ್ವಪರಿಶೀಲನೆಯನ್ನೇ.

ಒಂದು ಎಚ್ಚರಿಕೆ: ಅತಿಥಿ ಉಪನ್ಯಾಸಕಿಯರು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಅವರಿಗೆ ಸಿಎಎಸ್ ಇಲ್ಲ, ಅರ್ಹತಾ ದಿನಾಂಕವೂ ಇಲ್ಲ. ಅವರ ಗಂಟೆಗಳನ್ನು ಬೇರೆಯಾಗಿಯೇ ಬರೆಯಬೇಕು, ಬಿಡಬಾರದು.

ಲೆಕ್ಕ ಸಿದ್ಧವಾದ ಮೇಲೆ ಅದನ್ನು ಇಡಬೇಕಾದ್ದು ಬದಲಾಯಿಸುವ ಅಧಿಕಾರ ಇರುವವರ ಮುಂದೆ. ಜಾಗ, ಹುದ್ದೆ, ಹಣದ ವಿಷಯವಾದರೆ ಸಿಂಡಿಕೇಟ್. ಸಮಿತಿಗಳ ವಿಷಯವಾದರೆ ವಿಭಾಗದ ಮುಖ್ಯಸ್ಥರು. ಅದೂ ವರ್ಷದ ಮೊದಲ ಸಭೆಯಲ್ಲಿ, ಕೆಲಸ ಹಂಚುವ ಪಟ್ಟಿಗೆ ಸಹಿ ಬೀಳುವ ಮುನ್ನ. ವಾರ್ಡನ್‌ಗಿರಿಗೆ ಇಷ್ಟೇ ವರ್ಷ ಎಂದು ಅವಧಿ ಹಾಕಿ, ಆ ಅವಧಿಯಲ್ಲಿ ವಾರಕ್ಕೆ ಒಂದೆರಡು ಪಾಠ ಕಡಿಮೆ ಮಾಡಿ, ಸ್ವಾಗತ ನಿರೂಪಣೆಗಳನ್ನು ಸರದಿಯಂತೆ ಎಲ್ಲರಿಗೂ ಹಂಚಿ, ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಲು ಯಾವ ಸರ್ಕಾರಿ ಆದೇಶಕ್ಕೂ ಕಾಯಬೇಕಿಲ್ಲ.