ಸಿಡಿಮದ್ದು: ಸಮರದಿಂದ ಗಣಿಯವರೆಗೆ

ಕನ್ನಡದಲ್ಲಿ ರೋಗವನ್ನು ನೀಗುವ ಔಷಧಕ್ಕೂ ಮದ್ದೆಂದೇ ಹೆಸರು. ಕೋಟೆಯನ್ನು ಕೆಡಹುವ ಪುಡಿಗೂ ಮದ್ದೆಂದೇ ಹೆಸರು. ಒಂದೇ ಶಬ್ದವು ಪೊರೆಯುವುದನ್ನೂ ಕೊಲ್ಲುವುದನ್ನೂ ಸೂಚಿಸುವುದು ವಿಚಾರಾರ್ಹವಾಗಿದೆ.

ಕರಿಮದ್ದಿನ ದ್ರವ್ಯಗಳು ಮೂರು: ಪೆಟ್ಲುಪ್ಪು, ಇದ್ದಿಲು, ಗಂಧಕ. ಕೊನೆಯ ಎರಡು ಉರಿಯತಕ್ಕವು. ಅವಕ್ಕೆ ಬೇಕಾದ ಆಮ್ಲಜನಕವನ್ನು ಪೆಟ್ಲುಪ್ಪು ಒದಗಿಸುತ್ತದೆ. ಆದುದರಿಂದ ಈ ಮಿಶ್ರಣವು ಹೊರಗಿನ ಗಾಳಿಯ ಹಂಗಿಲ್ಲದೆ ಮುಚ್ಚಿದ ನಾಳದಲ್ಲಿಯೂ ಉರಿಯುತ್ತದೆ. ಹುಟ್ಟಿದ ಅನಿಲವು ಒಮ್ಮೆಲೆ ಹಿಗ್ಗಿ ಎದುರಿನದನ್ನು ನೂಕುತ್ತದೆ.

9ನೆಯ ಶತಮಾನದಲ್ಲಿ ಚೀನಾದೇಶದವರು ಅರಿತ ಈ ವಿದ್ಯೆಯು ಕ್ರಮೇಣ ದಕ್ಷಿಣಾಪಥಕ್ಕೂ ಬಂದಿತು. 1520ರ ರಾಯಚೂರು ಸಮರದಲ್ಲಿ ಕೃಷ್ಣದೇವರಾಯನು ಆದಿಲಶಾಹಿಯ ಫಿರಂಗಿಗಳನ್ನೆದುರಿಸಿ ಗೆದ್ದನು. ಹೈದರ್ ಮತ್ತು ಟಿಪ್ಪು ಕಬ್ಬಿಣದ ನಾಳಗಳಲ್ಲಿ ಮದ್ದನ್ನು ಗಿಡಿದು, ಸುಮಾರು 2 ಕಿಲೋಮೀಟರು ಹಾರುವ ಬಾಣಗಳನ್ನು ಮಾಡಿಸಿದರು. 1780ರ ಪೊಳ್ಳಿಲೂರು ಯುದ್ಧದಲ್ಲಿ ಆಂಗ್ಲರು ಇವುಗಳ ಏಟನ್ನುಂಡರು. 2018ರಲ್ಲಿ ಬಿದನೂರು ನಗರದ ಹಾಳುಬಾವಿಯಲ್ಲಿ ಇಂಥ 1000ಕ್ಕೂ ಮಿಗಿಲಾದ ಬಾಣಗಳು ದೊರೆತವು. ಆದರೆ 1799ರ ಮೇ 2ರಂದು ಶತ್ರುವಿನ ಗುಂಡು ತಗುಲಿ ಶ್ರೀರಂಗಪಟ್ಟಣದ ಬಾಣಗಳ ಉಗ್ರಾಣವೇ ಸಿಡಿಯಿತು. ಮೇ 4ರಂದು ಕೋಟೆ ಬಿದ್ದಿತು.

ಆಡೂರಿನ ಚಾಲುಕ್ಯಶಾಸನದ ಶಿಲೆಯನ್ನು ಬಂಡೆಯಿಂದ ಬಿಡಿಸಿದವರಿಗೆ ಉಳಿ, ಬೆಣೆ, ಸುತ್ತಿಗೆಗಳೇ ಸಾಧನಗಳಾಗಿದ್ದವು. ಈ ಶ್ರಮವನ್ನು ಮದ್ದು ಹಗುರಗೊಳಿಸಿತು. 1847ರಲ್ಲಿ ಇಟಲಿಯ ಸೊಬ್ರೆರೊ ಕಂಡುಹಿಡಿದ ನೈಟ್ರೊಗ್ಲಿಸರಿನ್ ಅಲುಗಿದರೂ ಸಿಡಿಯುವ ದ್ರವವಾಗಿತ್ತು. ಸ್ವೀಡನ್ನಿನ ಆಲ್ಫ್ರೆಡ್ ನೊಬೆಲ್ಲನು ಅದನ್ನು ರಂಧ್ರಮಯವಾದ ಮಣ್ಣಿಗೆ ಹೀರಿಸಿ, 1867ರಲ್ಲಿ ಡೈನಮೈಟನ್ನು ರೂಪಿಸಿದನು. ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚುವುದಕ್ಕೆ ಮುನ್ನ, 3 ಕಿಲೋಮೀಟರಿಗೂ ಮೀರಿದ ಆಳದವರೆಗೆ ಇಳಿದಿದ್ದವು. ಬಂಡೆಗೆ ಕುಳಿ ಕೊರೆದು ಸಿಡಿಮದ್ದು ತುಂಬುವ ವಿಧಾನವಿಲ್ಲದೆ ಅದು ಸಾಧ್ಯವಾಗುತ್ತಿರಲಿಲ್ಲ. ಸುರಂಗ, ಬಾವಿ, ಹೆದ್ದಾರಿಗಳಿಗೂ ಇದೇ ಶಕ್ತಿ ನೆರವಾಗಿದೆ.

ಆದರೆ ಈ ನೆರವಿನ ಬೆಲೆಯನ್ನು ಬಡವರು ತೆರುವುದುಂಟು. 2021ರ ಜನವರಿ 21ರಂದು ಶಿವಮೊಗ್ಗೆಯ ಹುಣಸೋಡಿನಲ್ಲಿ ಸ್ಫೋಟಕಗಳು ಸಿಡಿದು ಕೂಲಿಕಾರರು ಮಡಿದರು. 2023ರ ಆಗಸ್ಟಿನಲ್ಲಿ ಹಾವೇರಿಯ ಬಳಿಯ ಆಲದಕಟ್ಟಿಯಲ್ಲಿ ಪಟಾಕಿ ಉಗ್ರಾಣಕ್ಕೆ ಬೆಂಕಿ ತಗುಲಿ ಜೀವಗಳು ಸುಟ್ಟವು. ಇವು ಯುದ್ಧಭೂಮಿಗಳಲ್ಲ, ಅನ್ನ ದುಡಿಯುವ ಎಡೆಗಳು.

ಮದ್ದಿನ ಗುಣವನ್ನು ಒಡೆಯನು ಬಲ್ಲನೆಂದರೆ ಸಾಲದು. ಅದರ ಪೆಟ್ಟಿಗೆಯನ್ನು ಹೊರುವವನೂ ಅರಿತಿರಬೇಕು. ಆ ಅರಿವನ್ನು ಅವನ ಮಕ್ಕಳ ಮೂಲಕವಾದರೂ ಅವನ ಮನೆಗೆ ಮುಟ್ಟಿಸುವುದು ಶಾಲೆಗಳ ಕರ್ತವ್ಯವಾಗಿದೆ.