ಅಮರ ಸುಳ್ಯ ದಂಗೆಯ ಸ್ಮರಣೆ ಮತ್ತು ಅಮೃತ ಮಹೋತ್ಸವ

ಅಮರ ಸುಳ್ಯ ದಂಗೆಯು 1837ರಲ್ಲಿ ಈಗಿನ ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ ಸೀಮೆಯಲ್ಲಿ ಆರಂಭವಾಗಿ, ಬೆಳ್ಳಾರೆಯ ಖಜಾನೆಯ ವಶದೊಂದಿಗೆ ಬಲಗೊಂಡು, ಮಂಗಳೂರಿನವರೆಗೆ ವ್ಯಾಪಿಸಿದ ರೈತರ ಬಂಡಾಯ. ಇದು ಈಸ್ಟ್ ಇಂಡಿಯಾ ಕಂಪನಿಯ ಆಡಳಿತದ ವಿರುದ್ಧ ನಡೆಯಿತು. ಭಾರತ ಸ್ವಾತಂತ್ರ್ಯದ 75ನೆಯ ವರ್ಷದ ಆಚರಣೆಯ ಕಾಲದಲ್ಲಿ ಇದರ ನಾಯಕರಿಗೆ ಸ್ವಾತಂತ್ರ್ಯ ಹೋರಾಟಗಾರರೆಂಬ ಅಧಿಕೃತ ಗೌರವ ದೊರೆಯಿತು.

ಮಹೋತ್ಸವ ಸಮಿತಿ

ಕೇಂದ್ರ ಸರಕಾರವು 2021ರ ಮಾರ್ಚ್ ತಿಂಗಳಲ್ಲಿ ಪ್ರಧಾನಿ ನರೇಂದ್ರ ಮೋದಿಯವರ ಅಧ್ಯಕ್ಷತೆಯಲ್ಲಿ 259 ಸದಸ್ಯರ ರಾಷ್ಟ್ರೀಯ ಸಮಿತಿಯನ್ನು ರಚಿಸಿತು. ‘ಆಜಾದಿ ಕಾ ಅಮೃತ್ ಮಹೋತ್ಸವ’ಕ್ಕೆ ಮಾರ್ಚ್ 12ರಂದು, ಅಂದರೆ 1930ರಲ್ಲಿ ದಂಡಿ ಯಾತ್ರೆ ಹೊರಟ ದಿನದಂದು, ಸಾಬರಮತಿಯಲ್ಲಿ ಚಾಲನೆ ನೀಡಲಾಯಿತು. ಅಲ್ಲಿಂದ 2022ರ ಆಗಸ್ಟ್ 15ಕ್ಕೆ 75 ವಾರಗಳಿದ್ದವು; ಮುಂದೆ ಆಚರಣೆಯು 2023ರ ಆಗಸ್ಟ್‌ವರೆಗೆ ವಿಸ್ತರಿಸಿತು. ಹೆಚ್ಚು ಪ್ರಸಿದ್ಧಿಗೆ ಬಾರದ ಹೋರಾಟಗಾರರನ್ನು ಗುರುತಿಸಬೇಕೆಂಬುದು ಇದರ ಆಶಯಗಳಲ್ಲಿ ಒಂದು. ಅಮರ ಸುಳ್ಯದ ನೆನಪಿಗೆ ಅವಕಾಶ ದೊರೆತದ್ದು ಈ ಆಶಯದಿಂದ.

ಬೆಳ್ಳಾರೆಯ ಖಜಾನೆ

1834ರಲ್ಲಿ ಕಂಪನಿಯು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡಿತು. ಅದುವರೆಗೆ ಕೊಡಗಿನ ಅಧೀನದಲ್ಲಿದ್ದ ಅಮರ ಸುಳ್ಯ ಮತ್ತು ಪುತ್ತೂರು ಸೀಮೆಗಳನ್ನು ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಲಾಯಿತು. ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಇನ್ನು ಮುಂದೆ ನಗದಾಗಿಯೇ ಸಲ್ಲಿಸಬೇಕಾಯಿತು. ಭತ್ತ ಬೆಳೆದವನ ಕಣಜದಲ್ಲಿ ಭತ್ತವಿತ್ತೇ ಹೊರತು ನಾಣ್ಯವಿರಲಿಲ್ಲ. ನಾಣ್ಯಕ್ಕಾಗಿ ಆತ ವ್ಯಾಪಾರಿಯ ಅಥವಾ ಸಾಲಗಾರನ ಬಾಗಿಲಿಗೆ ಹೋಗಬೇಕಿತ್ತು. ಉಪ್ಪು ಮತ್ತು ಹೊಗೆಸೊಪ್ಪಿನ ಮೇಲಿನ ಕಂಪನಿಯ ಏಕಸ್ವಾಮ್ಯವೂ ಜನರನ್ನು ಕೆರಳಿಸಿತ್ತು. ಬೆಳ್ಳಾರೆಯ ಬಂಗ್ಲೆಗುಡ್ಡೆಯಲ್ಲಿದ್ದ ಖಜಾನೆಯು ಹೀಗೆ ಸಂಗ್ರಹವಾದ ಹಣವನ್ನು ಇರಿಸುವ ಸ್ಥಳವಾಗಿತ್ತು. ಬಂಡುಕೋರರು ಮೊದಲು ಅದರ ಮೇಲೆಯೇ ಕಣ್ಣಿಟ್ಟದ್ದು ಆಕಸ್ಮಿಕವಲ್ಲ.

ಮಾರ್ಚ್ ಕೊನೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ನೇತೃತ್ವದಲ್ಲಿ, ಮದುವೆಯ ನೆಪದಲ್ಲಿ ಜನರು ಒಟ್ಟುಗೂಡಿದರು. ಪುಟ್ಟಬಸಪ್ಪನು ಕಲ್ಯಾಣಸ್ವಾಮಿ ಎಂಬ ಹೆಸರಿನಲ್ಲಿ ಹಾಲೇರಿ ರಾಜವಂಶದ ಉತ್ತರಾಧಿಕಾರಿಯೆಂದು ಮುಂದೆ ನಿಂತನು. ಬೆಳ್ಳಾರೆಯ ಖಜಾನೆ ವಶವಾದ ಬಳಿಕ ದಂಡು ಪುತ್ತೂರಿನತ್ತ ಸಾಗಿತು. ಅಲ್ಲಿಗೆ ಬಂದಿದ್ದ ಕಂಪನಿಯ ಕಲೆಕ್ಟರ್ ಹಾಗೂ ಸಿಪಾಯಿಗಳು ಮಂಗಳೂರಿಗೆ ಹಿಮ್ಮೆಟ್ಟಿದರು. ಏಪ್ರಿಲ್ 5ರಂದು ಬಂಡುಕೋರರು ಮಂಗಳೂರನ್ನು ಪ್ರವೇಶಿಸಿ, ಬಾವುಟಗುಡ್ಡೆಯಲ್ಲಿ ತಮ್ಮ ಧ್ವಜವನ್ನು ಹಾರಿಸಿದರು. ಸುಮಾರು ಎರಡು ವಾರಗಳ ಅವಧಿಯಲ್ಲಿ ಕಂಪನಿಯ ಸೈನ್ಯ ನಗರವನ್ನು ಮರಳಿ ಪಡೆಯಿತು. ಕಲ್ಯಾಣಸ್ವಾಮಿಯನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿಯೂ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯ ಕೋಟೆಯಲ್ಲಿಯೂ ಗಲ್ಲಿಗೇರಿಸಲಾಯಿತು.

ಬದಲಾದ ಹೆಸರುಗಳು

ಈ ಘಟನೆಯ ನೆನಪನ್ನು ಮೊದಲು ಲೋಹದಲ್ಲಿ ಅಚ್ಚೊತ್ತಿಸಿದವರು ಗೆದ್ದವರು. ದಂಗೆಯನ್ನು ಅಡಗಿಸಲು ನೆರವಾದ ಕೊಡಗಿನವರಿಗೆ ಕಂಪನಿಯು ಚಿನ್ನ ಮತ್ತು ಬೆಳ್ಳಿಯ ‘ಕೊಡಗು ಪದಕ’ಗಳನ್ನು ನೀಡಿತು. ಊರಿನ ಬಾಯಲ್ಲಿ ಉಳಿದದ್ದು ‘ಕಲ್ಯಾಣಪ್ಪನ ಕಾಟಕಾಯಿ’ ಎಂಬ ಮಾತು. ಅದರಲ್ಲಿ ಗೌರವಕ್ಕಿಂತ ಪುಂಡಾಟದ ಧ್ವನಿಯೇ ಹೆಚ್ಚು. ಸುಳ್ಯ ಸೀಮೆಯ ಕುಳ್ಕುಂದದವರಾದ ಕಾದಂಬರಿಕಾರ ನಿರಂಜನರು ‘ಕಲ್ಯಾಣಸ್ವಾಮಿ’ ಕಾದಂಬರಿಯಲ್ಲಿ ಈ ವಸ್ತುವನ್ನು ಎತ್ತಿಕೊಂಡರು. ಆದರೂ 1857ರ ದಂಗೆಯ 150ನೆಯ ವರ್ಷವನ್ನು ರಾಷ್ಟ್ರವು 2007ರಲ್ಲಿ ಪ್ರಥಮ ಸ್ವಾತಂತ್ರ್ಯ ಸಂಗ್ರಾಮದ ಹೆಸರಿನಲ್ಲಿ ಆಚರಿಸಿದಾಗ, ಅದಕ್ಕೂ 20 ವರ್ಷ ಹಿಂದಿನ ಬೆಳ್ಳಾರೆಯು ಆ ಎಣಿಕೆಯ ಹೊರಗೇ ಉಳಿಯಿತು.

2022ರ ನವೆಂಬರ್ 19ರಂದು ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಮಂಗಳೂರಿನ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆಯನ್ನು ಅನಾವರಣಗೊಳಿಸಿದರು. ಧ್ವಜ ಹಾರಿದ ಗುಡ್ಡದ ಮೇಲೆಯೇ ಪ್ರತಿಮೆ ನಿಂತಿರುವುದು ಉಚಿತವಾಗಿದೆ. ಆದರೆ 1837ರಲ್ಲಿ ಅಲ್ಲಿ ಹಾರಿದ್ದು ಹಾಲೇರಿ ಅರಸೊತ್ತಿಗೆಯ ಬಾವುಟ. ಬಂಡುಕೋರರು ಬಯಸಿದ್ದು ಹಿಂದಿನ ಅರಸರ ಆಳ್ವಿಕೆಯ ಪುನಃಸ್ಥಾಪನೆಯನ್ನು ಮತ್ತು ಕಂದಾಯದ ಹೊರೆಯ ಇಳಿಕೆಯನ್ನು. ಭಾರತವೆಂಬ ರಾಷ್ಟ್ರದ ಕಲ್ಪನೆ ಅವರ ಮುಂದೆ ಇತ್ತೆಂದು ಹೇಳುವುದು ಕಷ್ಟ. ಇದರಿಂದ ಅವರ ತ್ಯಾಗದ ಬೆಲೆ ಕಡಿಮೆಯಾಗುವುದಿಲ್ಲ, ಆದರೆ ಪ್ರತಿಮೆಯ ಮುಂದೆ ನಿಂತವರಿಗೆ ದಂಗೆಯ ಕಾರಣವನ್ನು ತಿಳಿಯಲು ಬೆಳ್ಳಾರೆಯ ಖಜಾನೆಯ ಕಥೆಯೂ ಬೇಕಾಗುತ್ತದೆ.